ಹಳೆ ಡುಕಾಟಿ 900 ಎಸ್‌ಎಸ್ ಮನೆಯಲ್ಲೇ ನೋಡಿಕೊಳ್ಳುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವುದೆಲ್ಲ 1990ರ ದಶಕದಲ್ಲಿ ಬಂದ, ಕಾರ್ಬೊರೇಟರ್ ಇರುವ ಡುಕಾಟಿ 900 ಎಸ್‌ಎಸ್ ಬಗ್ಗೆ. ಅದೇ ಎಂಜಿನ್ ಹಾಕಿದ ಮೊದಲ ಕಾಲದ ಮಾನ್‌ಸ್ಟರ್ 900ಕ್ಕೂ ಬಹುಪಾಲು ಹೊಂದುತ್ತದೆ. ಬ್ರಿಟನ್, ಜರ್ಮನಿ, ಅಮೆರಿಕದಲ್ಲಿರುವ ನಮ್ಮವರಿಗೆ ಈ ಗಾಡಿ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತದೆ. ಬೆಂಗಳೂರಿನವರಿಗೆ ಬೇಕಾದ ಒಂದೆರಡು ಮಾತು ಕೆಳಗಿದೆ.

ಈ ಗಾಡಿಯನ್ನು ನಿಜವಾಗ್ಲೂ ಮನೆಯಲ್ಲೇ ಸರ್ವಿಸ್ ಮಾಡಬಹುದಾ?

ಮಾಡಬಹುದು. ಹಳೆ ಇಟಾಲಿಯನ್ ಗಾಡಿ ಅಂದ ತಕ್ಷಣ ಜನ ಹೆದರಿಸುತ್ತಾರೆ. ಆದರೆ ಇದು ನೀರಿನ ರೇಡಿಯೇಟರ್ ಇಲ್ಲದ, ಗಾಳಿಯಲ್ಲಿ ತಣಿಯುವ 904 ಸಿಸಿ ಎಂಜಿನ್. ಎರಡು ಸಿಲಿಂಡರ್, ಒಂದೊಂದಕ್ಕೆ ಎರಡೇ ವಾಲ್ವ್. ಟ್ಯಾಂಕಿನ ಹಿಂಬದಿಗೆ ಕೀಲು ಇದೆ, ಎತ್ತಿ ನಿಲ್ಲಿಸಿದರೆ ಬ್ಯಾಟರಿ, ಕಾರ್ಬ್ ಎಲ್ಲ ಕೈಗೆ ಸಿಗುತ್ತವೆ. ಪಲ್ಸರ್‌ಗೋ ಬುಲೆಟ್‌ಗೋ ನೀವೇ ಟ್ಯಾಪೆಟ್ ಸೆಟ್ ಮಾಡಿದ್ದರೆ ಇದನ್ನೂ ಕಲಿಯಬಹುದು. ಟೈಮ್ ಮಾತ್ರ ಜಾಸ್ತಿ ಹಿಡಿಯುತ್ತದೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಈ ವಯಸ್ಸಿನ ಗಾಡಿಯನ್ನು ಹಾಳು ಮಾಡುವುದು ಕಿಲೋಮೀಟರ್ ಅಲ್ಲ, ವರ್ಷಗಳು. ಮೀಟರ್‌ನಲ್ಲಿ 12,000 ಕಿ.ಮೀ. ಇದೆ ಅಂತ ಖುಷಿಪಡುವ ಹಾಗಿಲ್ಲ. ರಬ್ಬರ್, ಬೆಲ್ಟ್, ಸೀಲ್, ವೈರು, ಬ್ರೇಕ್ ಆಯಿಲ್ ಇವೆಲ್ಲ ನಿಂತಲ್ಲೇ ಮುದಿಯಾಗುತ್ತವೆ.

ಡೆಸ್ಮೊ ಅಂದರೆ ಏನು? ಅದಕ್ಕೆ ಯಾಕಿಷ್ಟು ಭಯ?

ಬೇರೆ ಎಂಜಿನ್‌ಗಳಲ್ಲಿ ಕ್ಯಾಮ್ (ಉಬ್ಬುಗಳಿರುವ, ತಿರುಗುವ ದಂಡ) ವಾಲ್ವನ್ನು ತೆರೆಯುತ್ತದೆ, ಸ್ಪ್ರಿಂಗ್ ಮುಚ್ಚುತ್ತದೆ. ಡೆಸ್ಮೊದಲ್ಲಿ ಮುಚ್ಚುವುದಕ್ಕೂ ಒಂದು ರಾಕರ್ (ಕ್ಯಾಮ್ ಒತ್ತುವ ಸಣ್ಣ ಸನ್ನೆ) ಇರುತ್ತದೆ. ಡುಕಾಟಿಯ ಎಂಜಿನಿಯರ್ ಫ್ಯಾಬಿಯೊ ಟಾಲಿಯೋನಿ 1956ರಲ್ಲಿ 125 ಸಿಸಿ ರೇಸ್ ಗಾಡಿಗೆ ಇದನ್ನು ಹಾಕಿದರು. ಆ ಕಾಲದ ಸ್ಪ್ರಿಂಗ್‌ಗಳು ಹೈ ಆರ್‌ಪಿಎಂನಲ್ಲಿ ವಾಲ್ವಿನ ವೇಗಕ್ಕೆ ಸಾಲುತ್ತಿರಲಿಲ್ಲ, ಮುರಿಯುತ್ತಲೂ ಇದ್ದವು. ನಮ್ಮ 900ರ ಎಂಜಿನ್ ಅದೇ ಟಾಲಿಯೋನಿ ಮಾಡಿದ, 1979ರಲ್ಲಿ ಮಾರುಕಟ್ಟೆಗೆ ಬಂದ ಪಾಂಟಾ 500ರ ವಂಶದ್ದು. ಕ್ಯಾಮ್ ತಿರುಗಿಸಲು ಬೆಲ್ಟ್ ಬಂದದ್ದೂ ಪಾಂಟಾದಿಂದಲೇ.

ನಿಮ್ಮ ಮಟ್ಟಿಗೆ ಇದರ ಅರ್ಥ ಇಷ್ಟೇ: ಪ್ರತಿ ವಾಲ್ವ್‌ಗೆ ಎರಡು ಗ್ಯಾಪ್ (ತೆರೆಯುವ, ಮುಚ್ಚುವ ರಾಕರ್‌ಗಳ ಬಳಿಯ ಸಂದು) ಅಳೆಯಬೇಕು. ನಾಲ್ಕು ವಾಲ್ವ್, ಎಂಟು ಅಳತೆ. ಅದೇ ಕಾಲದ, ಸಿಲಿಂಡರ್‌ಗೆ ನಾಲ್ಕು ವಾಲ್ವಿನ ಡುಕಾಟಿ 916ರಲ್ಲಿ ಹದಿನಾರು ಅಳತೆ, ಜೊತೆಗೆ ಬಿಚ್ಚಬೇಕಾದ ನೀರಿನ ಪೈಪುಗಳು. ಮೊದಲ ಡುಕಾಟಿಗೆ ಎರಡು ವಾಲ್ವಿನದ್ದೇ ತಗೊಳ್ಳಿ ಅಂತ ನಾನು ಹೇಳುವುದು ಅದಕ್ಕೇ.

ಗಾಡಿ ಈಗಷ್ಟೇ ಕೊಂಡೆ. ಮೊದಲು ಏನು ಮಾಡಲಿ?

ಬೆಲ್ಟ್. ಹಳೆ ಓನರ್ "ಮೊನ್ನೆ ತಾನೇ ಹಾಕಿಸಿದ್ದು" ಅನ್ನುತ್ತಾರೆ. ಬಿಲ್ ತೋರಿಸಿದರೆ ನಂಬಿ. ಇಲ್ಲವಾದರೆ ಓಡಿಸುವ ಮೊದಲೇ ಬದಲಾಯಿಸಿ.

ಆಮೇಲೆ ಎಂಜಿನ್ ಆಯಿಲ್, ಬ್ರೇಕ್ ಆಯಿಲ್, ಕ್ಲಚ್ ಆಯಿಲ್, ಪೆಟ್ರೋಲ್ ಪೈಪ್, ಟೈರ್. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಟೈರಿನ ಗೀರು (ಟ್ರೆಡ್) ಎಷ್ಟು ಆಳ ಇದ್ದರೂ ಹತ್ತು ವರ್ಷದ ಟೈರ್ ಮೇಲೆ ಮಲಗಿಸಿ ತಿರುಗಿಸಬೇಡಿ.

ಈ ಮಾಡೆಲ್‌ಗೆ ಅಂತಲೇ ನೋಡಬೇಕಾದ ಜಾಗಗಳೂ ಇವೆ. ಹ್ಯಾಂಡಲ್ ಹತ್ತಿರದ ಫ್ರೇಮ್ ಪೈಪಿನಲ್ಲಿ ವೆಲ್ಡಿಂಗ್ ಪಕ್ಕ ಸೀಳು ಇದೆಯಾ ನೋಡಿ. ಸ್ವಿಂಗ್‌ಆರ್ಮ್‌ನಲ್ಲೂ ನೋಡಿ. ಸಿಲಿಂಡರ್ ಹಿಡಿದಿರುವ ಉದ್ದನೆ ಸ್ಟಡ್‌ಗಳು ತುಕ್ಕು ಹಿಡಿದು ಮುರಿಯುವುದು ಈ ಪೀಳಿಗೆಯ 900 ಎಂಜಿನ್‌ನ ಹೆಸರುವಾಸಿ ಕಾಯಿಲೆ. ಎಡಗಡೆ ಕವರ್ ಒಳಗೆ ಆಲ್ಟರ್ನೇಟರ್ ಫ್ಲೈವೀಲ್‌ನ ನಟ್ ಸಡಿಲವಾಗುವುದೂ ಉಂಟು. ಐಡ್ಲಿಂಗ್‌ನಲ್ಲಿ ಎಡಗಡೆಯಿಂದ ಕಟಕಟ ಸದ್ದು ಬಂದರೆ ಅಲ್ಲಿಗೇ ಹೋಗಿ.

ಇದೆಲ್ಲ ಬಿಟ್ಟು ಮೊದಲು ಕಾರ್ಬನ್ ಸೈಲೆನ್ಸರ್ ಆರ್ಡರ್ ಮಾಡುವವರಿದ್ದಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಬೆಲ್ಟ್ ಎಷ್ಟು ದಿನಕ್ಕೆ ಬದಲಾಯಿಸಬೇಕು? ಬಿಟ್ಟರೆ ಏನಾಗುತ್ತದೆ?

20,000 ಕಿ.ಮೀ. ಅಥವಾ ಎರಡು ವರ್ಷ, ಯಾವುದು ಮೊದಲೋ ಅದು. ನಡುವೆ ಒಮ್ಮೆ ಟೆನ್ಷನ್ ನೋಡಬೇಕು. ವರ್ಷಕ್ಕೆ ಸಾವಿರ ಕಿಲೋಮೀಟರ್ ಓಡಿಸುವವರಿಗೆ ಎರಡು ವರ್ಷ ಅನ್ನುವುದು ದಂಡ ಅನ್ನಿಸಬಹುದು. ಆದರೆ ಬೆಲ್ಟ್ ತುಂಡಾದರೆ ಅಥವಾ ಒಂದೆರಡು ಹಲ್ಲು ಜಾರಿದರೆ ವಾಲ್ವ್ ಪಿಸ್ಟನ್‌ಗೆ ಬಡಿಯುತ್ತದೆ. ವಾಲ್ವ್ ಬಾಗಿದರೆ ಹೆಡ್ ಇಳಿಸಬೇಕು, ಪಿಸ್ಟನ್ ಒಡೆದರೆ ಎಂಜಿನ್ನೇ ಬಿಚ್ಚಬೇಕು. ಎರಡು ರಬ್ಬರ್ ಬೆಲ್ಟ್‌ನ ಬೆಲೆ ಅದರ ಮುಂದೆ ಏನೂ ಅಲ್ಲ.

ಗಾಡಿ ತಿಂಗಳುಗಟ್ಟಲೆ ನಿಂತಿದ್ದರೆ ಬೆಲ್ಟ್ ಪುಲ್ಲಿ ಸುತ್ತ ಬಾಗಿದ ಕಡೆ ಹಾಗೇ ಗಟ್ಟಿಯಾಗಿರುತ್ತದೆ. ಬಿಚ್ಚಿ ಕೈಯಲ್ಲಿ ಹಿಡಿದಾಗ ಗೊತ್ತಾಗುತ್ತದೆ.

ಬೆಲ್ಟ್ ನಾನೇ ಹಾಕಬಹುದಾ? ಟೆನ್ಷನ್ ಎಷ್ಟಿರಬೇಕು?

ಹಾಕಬಹುದು. ಎರಡೂ ಪ್ಲಗ್ ಬಿಚ್ಚಿ, ಗಾಡಿಯನ್ನು ಪ್ಯಾಡಾಕ್ ಸ್ಟ್ಯಾಂಡ್ (ಹಿಂದಿನ ಚಕ್ರ ಎತ್ತಿ ಹಿಡಿಯುವ ಸ್ಟ್ಯಾಂಡ್) ಮೇಲೆ ನಿಲ್ಲಿಸಿ. ಟಾಪ್ ಗೇರ್‌ಗೆ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸಿದರೆ ಎಂಜಿನ್ ತಿರುಗುತ್ತದೆ. ಮುಂದೆ ಮಲಗಿರುವ ಸಿಲಿಂಡರ್ ಕಂಪ್ರೆಷನ್‌ನ ಮೇಲ್ತುದಿಗೆ (ಎರಡೂ ವಾಲ್ವ್ ಮುಚ್ಚಿ, ಪಿಸ್ಟನ್ ತುತ್ತತುದಿಯಲ್ಲಿರುವ ಸ್ಥಿತಿ) ಬಂದಾಗ ಕೆಳಗಿನ ಪುಲ್ಲಿ ಮತ್ತು ಎರಡೂ ಕ್ಯಾಮ್ ಪುಲ್ಲಿಗಳ ಗುರುತು ಎಂಜಿನ್ ಮೇಲಿನ ಗುರುತಿಗೆ ಕೂರುತ್ತವೆ. ಹಳೆ ಬೆಲ್ಟ್ ತೆಗೆಯುವ ಮುಂಚೆ ಬಿಳಿ ಪೆನ್ನಿನಿಂದ ನಿಮ್ಮದೇ ಗುರುತನ್ನೂ ಹಾಕಿ, ಫೋಟೊ ತೆಗೆದುಕೊಳ್ಳಿ. ಬೆಲ್ಟ್ ಇಲ್ಲದಿರುವಾಗ ಎಂಜಿನ್ ತಿರುಗಿಸಲೇಬಾರದು. ಗಾಡಿ ನ್ಯೂಟ್ರಲ್‌ಗೆ ತಂದುಬಿಟ್ಟರೆ ಆಕಸ್ಮಿಕವಾಗಿ ಚಕ್ರ ತಿರುಗಿದರೂ ಎಂಜಿನ್ ಅಲ್ಲಾಡುವುದಿಲ್ಲ.

ರೋಲರ್‌ಗಳ ಬೇರಿಂಗ್ ಬೆರಳಲ್ಲಿ ತಿರುಗಿಸಿ ನೋಡಿ. ಗರಗರ ಅಂದರೆ ಅವನ್ನೂ ಬದಲಾಯಿಸಿ. ಹೊಸ ಬೆಲ್ಟ್ ಮೇಲೆ ಬಾಣದ ಗುರುತಿದ್ದರೆ ಅದು ತಿರುಗುವ ದಿಕ್ಕಿಗೇ ಇರಬೇಕು. ಬೆಲ್ಟನ್ನು ಮಡಚಬೇಡಿ, ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ.

ಟೆನ್ಷನ್‌ಗೆ ಕಂಪನಿಯ ಟೂಲ್ ಇದೆ, ಮನೆಯಲ್ಲಿ ಮಾಡುವವರ ದಾರಿ ಬೇರೆ. ಒಂದು, ಅಲೆನ್ ಕೀ. ಕದಲದ ರೋಲರ್ ಮತ್ತು ಬೆಲ್ಟ್ ನಡುವೆ 5 ಎಂಎಂ ಕೀ ಒಳಗೆ ಹೋಗಬೇಕು, 6 ಎಂಎಂ ಹೋಗಬಾರದು. ಇನ್ನೊಂದು, ಬೆಲ್ಟಿನ ಉದ್ದನೆಯ ಭಾಗವನ್ನು ಬೆರಳಲ್ಲಿ ಮೀಟಿ ಸದ್ದು ಅಳೆಯುವುದು. ಫೋನಿನ ಟ್ಯೂನರ್ ಆ್ಯಪ್ ಸಾಕು. ಹೊಸ ಬೆಲ್ಟ್‌ಗೆ ಸುಮಾರು 110 ಹರ್ಟ್ಸ್ ಇಡುತ್ತಾರೆ. ಗಿಟಾರಿನ ಐದನೇ ತಂತಿ ಕೊಡುವ ಸದ್ದೂ ಅದೇ, ಮನೆಯಲ್ಲಿ ಗಿಟಾರ್ ಇದ್ದರೆ ಹೋಲಿಸಿ ನೋಡಿ. ನಾನು ಎರಡೂ ಮಾಡುತ್ತೇನೆ. ಎಂಜಿನ್ ಪೂರ್ತಿ ತಣ್ಣಗಿರಬೇಕು. ಬಿಸಿಯಾದಾಗ ಸಿಲಿಂಡರ್ ಹಿಗ್ಗಿ ಬೆಲ್ಟ್ ತಾನಾಗಿ ಬಿಗಿಯುತ್ತದೆ, ಆಗ ಅಳೆದರೆ ಲೆಕ್ಕ ತಪ್ಪುತ್ತದೆ. ಕಡೆಗೆ ಕೈಯಲ್ಲೇ ಎಂಜಿನ್ ನಾಲ್ಕಾರು ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಕೂತವಾ ನೋಡಿ. ಎಲ್ಲಾದರೂ ತಡೆದಂತಾದರೆ ಬಲ ಹಾಕಬೇಡಿ, ನಿಲ್ಲಿಸಿ.

ವಾಲ್ವ್ ಗ್ಯಾಪ್ ಹೇಗೆ ಅಳೆಯುವುದು?

ಪ್ರತಿ 10,000 ಕಿ.ಮೀ.ಗೆ ಅಳೆಯಬೇಕು. ಅಳೆದ ತಕ್ಷಣ ಬದಲಾಯಿಸಲೇಬೇಕು ಅಂತಿಲ್ಲ. ಎಷ್ಟೋ ಸಲ ಎಲ್ಲ ಸರಿಯಾಗೇ ಇರುತ್ತದೆ.

ತಣ್ಣಗಿನ ಎಂಜಿನ್, ಆಯಾ ಸಿಲಿಂಡರ್ ಕಂಪ್ರೆಷನ್‌ನ ಮೇಲ್ತುದಿಯಲ್ಲಿ. ತೆರೆಯುವ ರಾಕರ್ ಮತ್ತು ವಾಲ್ವ್ ತಲೆಯ ಮೇಲಿನ ಶಿಮ್ (ದಪ್ಪ ಹೊಂದಿಸುವ ಸಣ್ಣ ಲೋಹದ ಟೋಪಿ) ನಡುವೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿ) ಹಾಕಿ. ಇನ್‌ಟೇಕ್‌ಗೆ 0.10ರಿಂದ 0.12 ಮಿ.ಮೀ., ಎಕ್ಸಾಸ್ಟ್‌ಗೆ 0.12ರಿಂದ 0.15 ಮಿ.ಮೀ. ಇದು ತೆರೆಯುವ ಗ್ಯಾಪ್.

ಮುಚ್ಚುವ ಗ್ಯಾಪ್‌ಗೆ ಗೇಜ್ ನೇರವಾಗಿ ಹೋಗುವುದು ಕಷ್ಟ. ಅದಕ್ಕೆ ಒಂದು ಉಪಾಯ. ಮುಚ್ಚುವ ರಾಕರ್‌ಗೆ ಸಣ್ಣದೊಂದು ಸ್ಪ್ರಿಂಗ್ ಇದೆ. ಸ್ಕ್ರೂಡ್ರೈವರ್‌ನಿಂದ ಆ ರಾಕರನ್ನು ಸ್ಪ್ರಿಂಗ್ ವಿರುದ್ಧ ಒತ್ತಿ ಹಿಡಿದು, ಮೇಲಿನ ಗ್ಯಾಪನ್ನೇ ಮತ್ತೆ ಅಳೆಯಿರಿ. ಎರಡನೇ ಅಳತೆಯಲ್ಲಿ ಮೊದಲನೆಯದನ್ನು ಕಳೆದರೆ ಮುಚ್ಚುವ ಗ್ಯಾಪ್ ಸಿಗುತ್ತದೆ. ಹೊಸದಾಗಿ ಸೆಟ್ ಮಾಡುವಾಗ 0.03ರಿಂದ 0.05 ಇಟ್ಟರೆ ಚೆನ್ನ. ಇನ್ನೊಂದು ಪರೀಕ್ಷೆ: ಮುಚ್ಚುವ ಶಿಮ್ ಬೆರಳಲ್ಲಿ ತಿರುಗಬೇಕು, ತೀರಾ ಸಡಿಲವೂ ಇರಬಾರದು.

ಮಲಗಿರುವ ಸಿಲಿಂಡರ್‌ನ ಕೆಲಸ ಸುಲಭ. ನಿಂತಿರುವ ಹಿಂದಿನ ಸಿಲಿಂಡರ್‌ನ ಇನ್‌ಟೇಕ್ ವಾಲ್ವ್ ಅಳೆಯುವಾಗ ಬೈಗುಳ ಬಂದೇ ಬರುತ್ತದೆ. ಬ್ಯಾಟರಿ ಮತ್ತು ಅದರ ಪೆಟ್ಟಿಗೆ ತೆಗೆದುಬಿಡಿ, ಕೈ ಹೋಗಲು ಜಾಗ ಆಗುತ್ತದೆ.

ಕವರ್ ತೆಗೆದಾಗಲೇ ಟಾರ್ಚ್ ಹಾಕಿ ರಾಕರ್‌ಗಳ ಮೈ ನೋಡಿ. ಕ್ಯಾಮ್‌ಗೆ ಉಜ್ಜುವ ಕಡೆ ಕ್ರೋಮ್ ಲೇಪನ ಇದೆ. 90ರ ದಶಕದ ಡುಕಾಟಿಗಳಲ್ಲಿ ಅದು ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಏಳಲು ಶುರುವಾಗಿದ್ದರೆ ರಾಕರ್ ಬದಲಾಯಿಸಬೇಕು, ಇಲ್ಲದಿದ್ದರೆ ಅದು ಕ್ಯಾಮನ್ನೂ ತಿನ್ನುತ್ತದೆ.

ಗ್ಯಾಪ್ ಸರಿ ಇಲ್ಲ. ಈಗ?

ಮೊದಲು ಯಾಕೆ ಬದಲಾಗುತ್ತದೆ ಅಂತ ತಿಳಿದುಕೊಂಡರೆ ಕೆಲಸ ಸುಲಭ. ಓಡಿದಂತೆ ವಾಲ್ವ್ ತನ್ನ ಸೀಟಿನೊಳಗೆ ಸ್ವಲ್ಪ ಸ್ವಲ್ಪ ಕೂರುತ್ತದೆ. ಅಂದರೆ ಅದರ ಕಡ್ಡಿ ಮೇಲಕ್ಕೆ ಬರುತ್ತದೆ. ಆಗ ತೆರೆಯುವ ಗ್ಯಾಪ್ ಕಡಿಮೆಯಾಗುತ್ತದೆ, ಮುಚ್ಚುವ ಗ್ಯಾಪ್ ಜಾಸ್ತಿಯಾಗುತ್ತದೆ.

ತೆರೆಯುವ ಗ್ಯಾಪ್ ಕಡಿಮೆ ಇದ್ದರೆ ತೆಳು ಶಿಮ್ ಬೇಕು. ರಾಕರ್ ಪಕ್ಕದ ಕ್ಲಿಪ್ ತೆಗೆದು ರಾಕರನ್ನು ಬದಿಗೆ ಸರಿಸಿದರೆ ಶಿಮ್ ಟೋಪಿಯಂತೆ ಎದ್ದು ಬರುತ್ತದೆ. ಮೈಕ್ರೊಮೀಟರ್‌ನಲ್ಲಿ ಅಳೆದು ಬೇಕಾದ ಸೈಜ್ ತರಿಸಿ. ನೂರನೇ ಒಂದೆರಡು ಭಾಗದ ವ್ಯತ್ಯಾಸವಾದರೆ ದಪ್ಪ ಗಾಜಿನ ಮೇಲೆ ಎಮರಿ ಪೇಪರ್ ಇಟ್ಟು, ಎಣ್ಣೆ ಹಾಕಿ ಉಜ್ಜುವವರೂ ಇದ್ದಾರೆ. ಮೈ ಸಮತಟ್ಟಾಗಿ ಉಳಿಯಬೇಕು, ಅಷ್ಟೇ.

ಮುಚ್ಚುವ ಶಿಮ್ ಬದಲಾಯಿಸುವುದು ಸ್ವಲ್ಪ ನಾಜೂಕು. ಅದನ್ನು ತಂತಿಯಂಥ ಎರಡು ಅರ್ಧ ಉಂಗುರಗಳು ವಾಲ್ವ್ ಕಡ್ಡಿಗೆ ಹಿಡಿದಿರುತ್ತವೆ. ಅವು ಜಾರಿ ಹೆಡ್‌ನ ಎಣ್ಣೆ ರಂಧ್ರದೊಳಗೆ ಬಿದ್ದರೆ ಆವತ್ತಿನ ಕೆಲಸ ಮುಗಿದಂತೆ. ಮೊದಲೇ ಆ ರಂಧ್ರಗಳಿಗೆ ಬಟ್ಟೆ ತುರುಕಿ, ಉಂಗುರಗಳನ್ನು ಮ್ಯಾಗ್ನೆಟ್‌ನಲ್ಲಿ ಎತ್ತಿ. ಉಂಗುರ ತೆಗೆದ ಮೇಲೆ ವಾಲ್ವನ್ನು ಹಿಡಿದಿಡಲು ಏನೂ ಇರುವುದಿಲ್ಲ. ಪಿಸ್ಟನ್ ಮೇಲ್ತುದಿಯಲ್ಲೇ ಇದ್ದರೆ ವಾಲ್ವ್ ಅದರ ಮೇಲೆ ನಿಲ್ಲುತ್ತದೆ, ಇಲ್ಲವಾದರೆ ಸಿಲಿಂಡರ್ ಒಳಗೆ ಇಳಿದುಬಿಡುತ್ತದೆ. ಹೊಸ ಉಂಗುರ ಹಾಕಿದರೆ ಅವು ಕೂರುವವರೆಗೆ ಗ್ಯಾಪ್ ಸ್ವಲ್ಪ ಬದಲಾಗುತ್ತದೆ. ಸಾವಿರ ಕಿಲೋಮೀಟರ್ ಒಳಗೆ ಮತ್ತೊಮ್ಮೆ ಅಳೆಯಿರಿ.

ಒಂದು ಪುಸ್ತಕ ಇಟ್ಟುಕೊಂಡು ಎಂಟೂ ಅಳತೆಯನ್ನು ತಾರೀಖು, ಕಿ.ಮೀ. ಸಮೇತ ಬರೆದಿಡಿ. ಮುಂದಿನ ಸಲ ಯಾವ ವಾಲ್ವ್ ಸರಿಯುತ್ತಿದೆ ಅಂತ ಅದೇ ಹೇಳುತ್ತದೆ.

ಕಾರ್ಬ್ ಟ್ಯೂನಿಂಗ್ ಎಲ್ಲಿಂದ ಶುರು ಮಾಡಬೇಕು?

ಕಾರ್ಬ್‌ನಿಂದ ಅಲ್ಲ. ವಾಲ್ವ್ ಗ್ಯಾಪ್, ಬೆಲ್ಟ್, ಪ್ಲಗ್, ಏರ್ ಫಿಲ್ಟರ್ ಮುಗಿದ ಮೇಲೇ ಸ್ಕ್ರೂಗೆ ಕೈ ಹಾಕಿ. ಪ್ಲಗ್‌ಗೆ ಎನ್‌ಜಿಕೆ ಡಿಸಿಪಿಆರ್8ಇ ಎಲ್ಲ ಕಡೆ ಸಿಗುತ್ತದೆ.

ಇದರಲ್ಲಿರುವುದು 38 ಎಂಎಂ ಮಿಕುನಿ ಸಿವಿ (ಎಂಜಿನ್ನಿನ ಎಳೆತಕ್ಕೆ ಸ್ಲೈಡ್ ತಾನೇ ಏಳುವ ಜಾತಿಯ) ಕಾರ್ಬ್‌ಗಳು. ಐಡ್ಲಿಂಗ್ ಮೇಲೆ ಕೆಳಗೆ ಆಡುತ್ತಿದ್ದರೆ ಕಾರ್ಬ್ ಮತ್ತು ಹೆಡ್ ನಡುವಿನ ರಬ್ಬರ್ ಬಿರುಕು ಬಿಟ್ಟಿದೆಯಾ ನೋಡಿ. ಅಲ್ಲಿಂದ ಗಾಳಿ ಎಳೆದರೆ ಯಾವ ಸ್ಕ್ರೂ ತಿರುಗಿಸಿದರೂ ಉಪಯೋಗವಿಲ್ಲ. ಒಳಗಿನ ಡಯಾಫ್ರಮ್ ಬೆಳಕಿಗೆ ಹಿಡಿದರೆ ಸೂಜಿ ತೂತೂ ಕಾಣುತ್ತದೆ. ನೀಡಲ್ ಮತ್ತು ಅದು ಆಡುವ ಜೆಟ್ ಸವೆದು ಅಂಡಾಕಾರ ಆಗುವುದೂ ಈ ಕಾರ್ಬ್‌ಗಳಲ್ಲಿ ಸಾಮಾನ್ಯ. ಲಕ್ಷಣ ಏನೆಂದರೆ ಮಧ್ಯದ ಆರ್‌ಪಿಎಂನಲ್ಲಿ ಮಂಕು, ಪ್ಲಗ್ ಕಪ್ಪು, ಪೆಟ್ರೋಲ್ ಜಾಸ್ತಿ.

ಆಮೇಲೆ ಸಿಂಕ್. ಎರಡು ವ್ಯಾಕ್ಯೂಮ್ ಗೇಜ್ ಸಿಕ್ಕಿಸಿ, ಎಂಜಿನ್ ಚೆನ್ನಾಗಿ ಬಿಸಿ ಮಾಡಿ, ಎರಡೂ ಕಾರ್ಬ್ ಸಮ ಎಳೆಯುವ ಹಾಗೆ ನಡುವಿನ ಸ್ಕ್ರೂ ಹೊಂದಿಸಿ. ಎದುರಿಗೆ ಫ್ಯಾನ್ ಇಟ್ಟುಕೊಳ್ಳಿ, ನಿಂತಲ್ಲೇ ಓಡುವ ಏರ್ ಕೂಲ್ಡ್ ಎಂಜಿನ್ ಬೇಗ ಕಾಯುತ್ತದೆ. ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಈ ಕೆಲಸ ಬೇಡವೇ ಬೇಡ.

3000 ಆರ್‌ಪಿಎಂ ಕೆಳಗೆ ಗಾಡಿ ಜಗ್ಗುತ್ತದೆ. ಏನು ತೊಂದರೆ?

ಬಹುಶಃ ತೊಂದರೆಯೇ ಇಲ್ಲ. ದೊಡ್ಡ ವಿ ಟ್ವಿನ್, ಉದ್ದನೆ ಗೇರಿಂಗ್. ಮುಂದಿನ 15 ಹಲ್ಲಿನ ಸ್ಪ್ರಾಕೆಟ್ ತೆಗೆದು 14 ಹಲ್ಲಿನದ್ದು ಹಾಕಿ. ಅಗ್ಗದ ಕೆಲಸ, ಸಿಟಿಯಲ್ಲಿ ಗಾಡಿಯ ಗುಣವೇ ಬದಲಾಗುತ್ತದೆ.

ಬ್ರಿಟನ್‌ನಲ್ಲಿದ್ದೇನೆ. ಚಳಿಗಾಲದಲ್ಲಿ ಓಡುತ್ತಾ ಓಡುತ್ತಾ ಮಿಸ್ಸಿಂಗ್ ಆಗಿ, ಐದು ನಿಮಿಷ ನಿಲ್ಲಿಸಿದರೆ ಸರಿಹೋಗುತ್ತದೆ. ಯಾಕೆ?

ಕಾರ್ಬ್ ಒಳಗೆ ಮಂಜು ಕಟ್ಟುತ್ತಿದೆ. ಪೆಟ್ರೋಲ್ ಆವಿಯಾಗುವಾಗ ಕಾರ್ಬ್ ತಣ್ಣಗಾಗುತ್ತದೆ. ಹೊರಗೆ ಚಳಿಯ ಜೊತೆ ತೇವವೂ ಇದ್ದರೆ ಆ ತೇವ ಒಳಗೇ ಹೆಪ್ಪುಗಟ್ಟುತ್ತದೆ. ನಿಲ್ಲಿಸಿದಾಗ ಎಂಜಿನ್ ಬಿಸಿಗೆ ಕರಗುತ್ತದೆ, ಮೆಕ್ಯಾನಿಕ್ ನೋಡುವಾಗ ಏನೂ ಇರುವುದಿಲ್ಲ. ಎಂಜಿನ್ನಿನ ಬಿಸಿ ಎಣ್ಣೆಯನ್ನೇ ಕಾರ್ಬ್ ಕಡೆ ಹರಿಸುವ ಕಿಟ್ ಇದಕ್ಕಾಗಿಯೇ ಇದೆ. ಬೆಂಗಳೂರಿನವರಿಗೆ ಈ ಚಿಂತೆ ಇಲ್ಲ.

ಕ್ಲಚ್ ಹಿಡಿದರೆ ಡಬ್ಬದಲ್ಲಿ ಮೊಳೆ ಹಾಕಿ ಅಲ್ಲಾಡಿಸಿದ ಸದ್ದು. ಹೋಯ್ತಾ?

ಇಲ್ಲ, ಅದು ಡ್ರೈ ಕ್ಲಚ್. ಪ್ಲೇಟುಗಳು ಎಣ್ಣೆಯಲ್ಲಿ ಮುಳುಗಿಲ್ಲ, ಬಿಟ್ಟುಕೊಂಡಾಗ ಬಾಸ್ಕೆಟ್‌ಗೆ ಬಡಿಯುತ್ತವೆ. ಕೆಲವರು ಈ ಸದ್ದಿಗೋಸ್ಕರವೇ ಕವರ್ ತೆಗೆದು ಓಡಿಸುತ್ತಾರೆ. ಮಳೆ, ಧೂಳು ಇರುವ ಕಡೆ ಅದು ಒಳ್ಳೇದಲ್ಲ. ಸದ್ದು ದಿನೇ ದಿನೇ ಜಾಸ್ತಿಯಾಗುತ್ತಿದ್ದರೆ ಬಾಸ್ಕೆಟ್‌ನ ಹಲ್ಲುಗಳಲ್ಲಿ ಕಚ್ಚು ಬಿದ್ದಿದೆಯಾ ನೋಡಿ.

ಲಿವರ್ ಮೆತ್ತಗಾಗಿ ಗೇರ್ ಸರಿಯಾಗಿ ಬೀಳದಿದ್ದರೆ ಎಡಗಡೆ, ಮುಂದಿನ ಸ್ಪ್ರಾಕೆಟ್ ಹತ್ತಿರದ ಕ್ಲಚ್ ಸ್ಲೇವ್ ಸಿಲಿಂಡರ್ (ಲಿವರ್ ಒತ್ತಿದಾಗ ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸುವ ಭಾಗ) ನೋಡಿ. ಅದರ ಸೀಲ್ ಸೋರುವುದು ತೀರಾ ಸಾಮಾನ್ಯ. ಅದರೊಳಗಿನ ಡಾಟ್ 4 ಆಯಿಲ್ (ಬ್ರೇಕ್ ಆಯಿಲ್ ಥರದ್ದೇ) ಪೇಂಟ್ ಮೇಲೆ ಬಿದ್ದರೆ ಪೇಂಟ್ ಏಳುತ್ತದೆ, ತಕ್ಷಣ ನೀರು ಹಾಕಿ ತೊಳೆಯಿರಿ.

ಸ್ಟಾರ್ಟರ್ ಅಳುತ್ತಾ ತಿರುಗುತ್ತದೆ. ಬ್ಯಾಟರಿ ಹೊಸದೇ.

ಇಟಾಲಿಯನ್ ವೈರಿಂಗ್ ಅಂತ ನಗುವುದು ಸುಲಭ. ಮಲ್ಟಿಮೀಟರ್ ತಗೊಂಡರೆ ಅರ್ಧ ಗಂಟೆಯಲ್ಲಿ ಉತ್ತರ ಸಿಗುತ್ತದೆ. ಎಂಜಿನ್ ಆಫ್ ಇದ್ದಾಗ ಬ್ಯಾಟರಿಯಲ್ಲಿ 12.6 ವೋಲ್ಟ್ ಇರಬೇಕು. 3000–4000 ಆರ್‌ಪಿಎಂನಲ್ಲಿ 13.5ರಿಂದ 14.5. ಬರುತ್ತಿಲ್ಲವಾದರೆ ರೆಗ್ಯುಲೇಟರ್ ಅಥವಾ ಆಲ್ಟರ್ನೇಟರ್‌ನಿಂದ ಬರುವ ಹಳದಿ ವೈರುಗಳ ಕನೆಕ್ಟರ್. ಅದು ಕಂದು ಬಣ್ಣಕ್ಕೆ ತಿರುಗಿ ಕರಗಿರುವುದನ್ನು ಕಣ್ಣಲ್ಲೇ ನೋಡಬಹುದು.

ಚಾರ್ಜಿಂಗ್ ಸರಿ ಇದ್ದೂ ಸ್ಟಾರ್ಟರ್ ಸೋತರೆ, ಬ್ಯಾಟರಿಯಿಂದ ಸ್ಟಾರ್ಟರ್‌ಗೆ ಮತ್ತು ಎಂಜಿನ್‌ಗೆ ಹೋಗುವ ದಪ್ಪ ಕೇಬಲ್‌ಗಳನ್ನು ಬದಲಾಯಿಸಿ. ಕಂಪನಿಯದ್ದು ಮೊದಲೇ ಸಣ್ಣದು, ಈಗ ಒಳಗೆ ಹಸಿರುಗಟ್ಟಿರುತ್ತದೆ. ಇನ್ನೂ ದಪ್ಪನೆಯ ಕೇಬಲ್ ಹಾಕಿದರೆ ಗಾಡಿ ಎದ್ದು ಕೂರುತ್ತದೆ. ಬಲ ಇಲ್ಲದ ಬ್ಯಾಟರಿಯಲ್ಲಿ ಮತ್ತೆ ಮತ್ತೆ ಸೆಲ್ಫ್ ಒತ್ತಬೇಡಿ, ಸ್ಟಾರ್ಟರ್‌ನ ಸ್ಪ್ರ್ಯಾಗ್ ಕ್ಲಚ್ (ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್) ಹಾಳಾದರೆ ಖರ್ಚು ಬೇರೆ ಥರದ್ದು.

ಯಾವ ಎಂಜಿನ್ ಆಯಿಲ್?

ಸೆಖೆ ಊರಲ್ಲಿ 20ಡಬ್ಲ್ಯು-50, ಚಳಿ ಊರಲ್ಲಿ 10ಡಬ್ಲ್ಯು-40. ಬಲಗಡೆಯ ಗಾಜಿನಲ್ಲಿ ಗಾಡಿ ನೇರ ನಿಲ್ಲಿಸಿ ಮಟ್ಟ ನೋಡಿ. 900ಕ್ಕೆ ಡ್ರೈ ಕ್ಲಚ್ ಇರುವುದರಿಂದ ಎಣ್ಣೆಯಿಂದ ಕ್ಲಚ್ ಜಾರುವ ಭಯ ಇಲ್ಲ. ಅದೇ ಸಾಲಿನ 750ರಲ್ಲಿ ಕ್ಲಚ್ ಎಣ್ಣೆಯಲ್ಲಿ ಮುಳುಗಿರುವುದರಿಂದ ಅದಕ್ಕೆ ಮಾತ್ರ ಜಾಸೊ ಎಂಎ (ಅಂಥ ಕ್ಲಚ್‌ಗೆ ಹೊಂದುವ ಆಯಿಲ್ ಗುರುತು) ಆಯಿಲೇ ಬೇಕು. ಫಿಲ್ಟರ್ ಜೊತೆ ಎಂಜಿನ್ ಕೆಳಗಿನ ಜಾಲರಿಯನ್ನೂ ತೊಳೆಯಿರಿ. ಡ್ರೈನ್ ಬೋಲ್ಟ್‌ನ ಮ್ಯಾಗ್ನೆಟ್ ಮೇಲೆ ಬೂದಿಯಂಥ ಪುಡಿ ಇದ್ದರೆ ಸಹಜ. ಉಗುರಿಗೆ ಸಿಗುವಂಥ ಚಕ್ಕೆ ಇದ್ದರೆ ಆ ಕ್ರೋಮ್ ರಾಕರ್ ನೆನಪಿಸಿಕೊಳ್ಳಿ.

ಯಾವ ಟೂಲ್ ಬೇಕೇ ಬೇಕು?

ಟಾರ್ಕ್ ರೆಂಚ್. ಈ ಎಂಜಿನ್‌ನ ಬಹುತೇಕ ಬೋಲ್ಟ್ ಕೂರುವುದು ಅಲ್ಯುಮಿನಿಯಂನಲ್ಲಿ. 6 ಎಂಎಂ ಬೋಲ್ಟ್‌ಗೆ ಸುಮಾರು 10 ನ್ಯೂಟನ್ ಮೀಟರ್ ಸಾಕು, ಕೈ ಅಂದಾಜಿನಲ್ಲಿ ಬಿಗಿದರೆ ಥ್ರೆಡ್ ಹೋಗುತ್ತದೆ. ಜೊತೆಗೆ ಫೀಲರ್ ಗೇಜ್, ಮೈಕ್ರೊಮೀಟರ್, ಮಲ್ಟಿಮೀಟರ್, ಒಳ್ಳೆ ಅಲೆನ್ ಕೀ ಸೆಟ್, ನಿಮ್ಮ ವರ್ಷದ ಗಾಡಿಯ ವರ್ಕ್‌ಶಾಪ್ ಮ್ಯಾನ್ಯುಯಲ್. ಇಲ್ಲಿನ ಸಂಖ್ಯೆಗೂ ಮ್ಯಾನ್ಯುಯಲ್‌ಗೂ ವ್ಯತ್ಯಾಸ ಬಂದರೆ ಮ್ಯಾನ್ಯುಯಲ್ ಹೇಳಿದ್ದೇ ಸರಿ.

ಬೆಂಗಳೂರಿನಲ್ಲಿ ಪಾರ್ಟ್ಸ್ ಸಿಗುತ್ತವಾ? ಟ್ರಾಫಿಕ್‌ನಲ್ಲಿ ಬಿಸಿ ತಡೆಯುತ್ತಾ?

ಬೆಲ್ಟ್, ಶಿಮ್, ಕ್ಲಚ್ ಪ್ಲೇಟ್ ಹೊರಗಿನಿಂದಲೇ ತರಿಸಬೇಕು. ಆದರೆ ಬೇರಿಂಗ್, ಆಯಿಲ್ ಸೀಲ್, ಓ ರಿಂಗ್ ಎಲ್ಲ ಸೈಜ್ ಲೆಕ್ಕದ ಮಾಲು. ಹಳೆಯದರ ಮೇಲಿನ ನಂಬರ್ ಓದಿಕೊಂಡು ಜೆ.ಸಿ. ರಸ್ತೆಗೆ ಹೋದರೆ ಬಹಳಷ್ಟು ಸಿಗುತ್ತದೆ. ವೈರು, ಕನೆಕ್ಟರ್‌ಗೆ ಎಸ್.ಪಿ. ರಸ್ತೆ. ಚೈನ್ 520 ಸೈಜಿನದು, ಅದಕ್ಕೂ ಪರದಾಡಬೇಕಿಲ್ಲ.

ಬಿಸಿಯ ವಿಷಯಕ್ಕೆ ಬಂದರೆ, ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಇದನ್ನು ಓಡಿಸಬೇಡಿ. ಹಿಂದಿನ ಸಿಲಿಂಡರ್‌ಗೆ ಮೊದಲೇ ಗಾಳಿ ಕಡಿಮೆ. ಭಾನುವಾರ ಬೆಳಗ್ಗೆ ಐದೂವರೆಗೆ ಹೊರಟು ನಂದಿ ಕಡೆ ಹೋಗಿಬನ್ನಿ. ಇನ್ನು ಪೆಟ್ರೋಲ್. ಇಲ್ಲಿ ಈಗ ಸಿಗುವುದು 20 ಶೇಕಡಾ ಎಥನಾಲ್ ಬೆರೆಸಿದ್ದು. ಆ ಕಾಲದ ರಬ್ಬರ್ ಪೈಪು, ಓ ರಿಂಗ್‌ಗಳು ಅದಕ್ಕೆ ಮಾಡಿದ್ದಲ್ಲ. ಪೈಪುಗಳನ್ನು ಎಥನಾಲ್ ತಡೆಯುವ ಜಾತಿಯದಕ್ಕೆ ಬದಲಾಯಿಸಿ.

ಯಾವ ಕೆಲಸ ಹೊರಗೆ ಕೊಡಬೇಕು?

ಮುರಿದ ಸಿಲಿಂಡರ್ ಸ್ಟಡ್, ವಾಲ್ವ್ ಸೀಟ್ ಕೆಲಸ, ಫ್ರೇಮ್ ವೆಲ್ಡಿಂಗ್. ಫೋರ್ಕ್ ಆಯಿಲ್, ಬ್ರೆಂಬೊ ಕ್ಯಾಲಿಪರ್ ಸೀಲ್ ಮನೆಯಲ್ಲಾಗುತ್ತದೆ. ಬ್ರೇಕ್ ಮೊದಲ ಸಲ ಬಿಚ್ಚುತ್ತಿದ್ದರೆ ಗೊತ್ತಿರುವವರನ್ನು ಪಕ್ಕದಲ್ಲಿಟ್ಟುಕೊಳ್ಳಿ.

ನಾಲ್ಕೈದು ವರ್ಷ ನಿಂತಿದ್ದ ಗಾಡಿ ಸ್ಟಾರ್ಟ್ ಮಾಡುವುದು ಹೇಗೆ?

ಸೆಲ್ಫ್ ಒತ್ತಬೇಡಿ. ಟ್ಯಾಂಕ್ ಖಾಲಿ ಮಾಡಿ, ಒಳಗೆ ತುಕ್ಕು ನೋಡಿ. ಕಾರ್ಬ್ ಬಟ್ಟಲುಗಳನ್ನು ಬಿಚ್ಚಿ ತೊಳೆಯಿರಿ, ಒಣಗಿದ ಪೆಟ್ರೋಲ್ ಅಂಟು ಐಡ್ಲಿಂಗ್ ಜೆಟ್ ಮುಚ್ಚಿರುತ್ತದೆ. ಹೊಸ ಬೆಲ್ಟ್, ಹೊಸ ಎಣ್ಣೆ ಹಾಕಿ. ಪ್ಲಗ್ ತೆಗೆದು ಪ್ರತಿ ಸಿಲಿಂಡರ್‌ಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು, ಹಿಂದಿನ ಚಕ್ರದಿಂದ ನಿಧಾನವಾಗಿ ತಿರುಗಿಸಿ. ಸಲೀಸಾಗಿ ತಿರುಗಿತು ಅಂತಾದರೆ ಪ್ಲಗ್ ಹಾಕದೆಯೇ ಸೆಲ್ಫ್ ಒತ್ತಿ, ಆಯಿಲ್ ಪ್ರೆಷರ್ ದೀಪ ಆರುವವರೆಗೆ ತಿರುಗಿಸಿ. ಈ ಹೊತ್ತಿನಲ್ಲಿ ಪ್ಲಗ್ ಕ್ಯಾಪಿಗೆ ಹಳೆ ಪ್ಲಗ್ ಸಿಕ್ಕಿಸಿ, ರಂಧ್ರದಿಂದ ದೂರ ಎಂಜಿನ್‌ಗೆ ತಾಗಿಸಿಡಿ, ಇಗ್ನಿಷನ್ ಬಾಕ್ಸ್ ಸುಡದೆ ಉಳಿಯುತ್ತದೆ. ದೀಪ ಆರಿದ ಮೇಲೆ ಪ್ಲಗ್, ಹೊಸ ಪೆಟ್ರೋಲ್, ಚೋಕ್. ಮೊದಲ ಐದು ನಿಮಿಷ ಸೈಲೆನ್ಸರ್‌ನಿಂದ ಬಿಳಿ ಹೊಗೆ ಬರುತ್ತದೆ. ಅದು ನೀವು ಹಾಕಿದ ಎಣ್ಣೆಯೇ.